ಬಣ್ಣದ ಗೋದಾಮಿನ ಮೇಲಿನ ರೇಡಿಯೊ

ಊರಿಗೆಲ್ಲ ಅವಳು ಅಕ್ಕ. ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರು ಕೂಡ ಫೋನು ಮಾಡಿ, "ಅಕ್ಕಾ, ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಅವಳು ಸೊಸೆ, ಅದೂ ಅತ್ತೆಯವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಸೊಸೆ.

"ಮಾತಾಡೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನನಗೆಷ್ಟು ಬಾಕಿ ಬರಬೇಕು!" ಎಂದು ಅತ್ತೆ, ಮಗನ ಟೈಲರ್ ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಶರ್ಟುಗಳಿಗೆ ಗುಂಡಿ ಹಚ್ಚುತ್ತ, ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅಂಗಡಿಯ ರೇಡಿಯೊ ಮಗನ ಚಟ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಸೇರಿಸುತ್ತಿದ್ದರು. ಆದರೆ ಅಕ್ಕನ ಕಾರ್ಯಕ್ರಮ ಬರುವಾಗ ಯಾರಾದರೂ ಜೋರಾಗಿ ಮಾತಾಡಿದರೆ ಸೂಜಿ ಎತ್ತಿ ಹಿಡಿದು ಗದರುತ್ತಿದ್ದವರು ಅವರೇ.

ಆ ರೇಡಿಯೊ ಕೇಂದ್ರ ಹುಟ್ಟಿದ್ದು ಸಂಗೀತದ ಮೇಲಿನ ಪ್ರೀತಿಯಿಂದ ಎಂದು ಅದರ ಧಣಿ ಸಭೆಗಳಲ್ಲಿ ಹೇಳಿಕೊಳ್ಳುವುದುಂಟು. ಶುದ್ಧ ಸುಳ್ಳು. ಅದು ಹುಟ್ಟಿದ್ದು ಗೋಡೆಗೆ ಬಳಿಯುವ ಬಣ್ಣ ಮಾರುವುದಕ್ಕೆ. ಧಣಿಯದು ಬಣ್ಣದ ಕಾರ್ಖಾನೆ. ಪತ್ರಿಕೆಯವರು ಜಾಹೀರಾತಿಗೆ ಕೇಳುತ್ತಿದ್ದ ದರ ಅವನ ಹೊಟ್ಟೆ ಉರಿಸುತ್ತಿತ್ತು. ಖಾಸಗಿಯವರಿಗೂ ರೇಡಿಯೊ ಪರವಾನಗಿ ಸಿಗುತ್ತದೆ ಎಂದು ಗೊತ್ತಾದದ್ದೇ ತಡ, ಓಡಿ ಹೋಗಿ ಒಂದನ್ನು ಹಿಡಿದುಕೊಂಡು ಬಂದ. ಗೋದಾಮಿನ ಮೇಲಿನ ಮಹಡಿಯಲ್ಲಿ ಎರಡು ಕೋಣೆಗಳ ಗೋಡೆಗೆ ಗೋಣಿಚೀಲ ಬಡಿದು, ನಡುವೆ ಗಾಜು ಕೂರಿಸಿ, ಬಾಗಿಲ ಮೇಲೆ ಕೆಂಪು ದೀಪ ಹಾಕಿಸಿದ. ಸ್ಟುಡಿಯೊ ಆಯಿತು. ಕೆಳಗಿನಿಂದ ಟರ್ಪೆಂಟೈನ್ ವಾಸನೆ ಮೆಟ್ಟಿಲು ಹತ್ತಿ ಬಂದು ಎಲ್ಲರ ಗಂಟಲಲ್ಲೂ ಕೂರುತ್ತಿತ್ತು. ಅಲ್ಲಿ ಕೆಲಸಕ್ಕಿದ್ದವರೆಲ್ಲ ಬಿಸಿನೀರಿನ ಫ್ಲಾಸ್ಕ್ ಇಲ್ಲದೆ ಮನೆ ಬಿಡುತ್ತಿರಲಿಲ್ಲ.

ಅಕ್ಕ ಆ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದವಳು. ಬಣ್ಣಗಳ ಹೆಸರು ಓದಿ ಹೇಳಲು ಒಂದು ಹೆಣ್ಣು ದನಿ ಬೇಕಾಯಿತು. ಹೊರಗಿನಿಂದ ಕರೆಸಿದರೆ ದುಡ್ಡು ಕೊಡಬೇಕಲ್ಲ! "ಏನಮ್ಮಾ, ನಿನಗೆ ಓದೋಕೆ ಬರುತ್ತೆ ತಾನೆ? ಮೇಲೆ ಹತ್ತು," ಎಂದ ಧಣಿ. ಅವಳು ಹತ್ತಿ ಹೋಗಿ ಓದಿದಳು. ಮುಂಜಾವು, ಬೆಣ್ಣೆ, ಹಸಿ ಹುಲ್ಲು, ಮೋಡ. ಬೀದಿಯಲ್ಲಿ ಆಡುವ ಮಕ್ಕಳನ್ನು ಊಟಕ್ಕೆ ಕರೆದಂತೆ ಒಂದೊಂದೇ ಹೆಸರು ಕರೆದಳು. ಆ ವಾರ ಬಣ್ಣಕ್ಕೆ ಬೇಡಿಕೆ ಬಂತೋ ಇಲ್ಲವೋ, ಕಾಗದಗಳಂತೂ ಬಂದವು: ಬಣ್ಣದ ಹೆಸರು ಓದುವ ಅಕ್ಕನಿಂದಲೇ ಹಾಡನ್ನೂ ಹಾಕಿಸಿ ಎಂದು.

ಹೀಗೆ ಶುರುವಾದದ್ದು 'ಮನೆಮಂದಿಯ ರೇಡಿಯೊ'. ಕೇಳುಗರು ಕಾರ್ಡಿನಲ್ಲಿ ಬರೆದು ಕಳಿಸಿದ ಹಾಡು, ಅವರ ಮನೆಯ ಸುದ್ದಿ, ಯಾರಿಗೋ ಕೆಲಸ ಸಿಕ್ಕಿದ್ದು, ಯಾರದೋ ಮಗು ನಡೆಯಲು ಕಲಿತದ್ದು. ಬೆಳಗಿನ ಹೊತ್ತು ಮಾತಾಡುವವನಿಗೆ ಕೋಳಿ ಎಂದು ಹೆಸರು, ಏಕೆಂದರೆ ಅವನು ಕೋಳಿಯಂತೆ ಕೂಗಿಯೇ ಬಾಯಿ ತೆರೆಯುತ್ತಿದ್ದ. ಮಕ್ಕಳು ಮಲಗುವ ಹೊತ್ತಿಗೆ ಕಥೆ ಹೇಳುವವರು ತಾತ. ಮಳೆ ಬಿಸಿಲು ಹೇಳುವವಳು ಮೋಡದ ಹುಡುಗಿ. ಯಂತ್ರ ನೋಡಿಕೊಳ್ಳುವ ಒಣಕಲನಿಗೆ ತಂತಿ ಎಂದು ಹೆಸರು. ಅವನು ದಿನದಲ್ಲಿ ಅರ್ಧ ಭಾಗ ಟೀ ಅಂಗಡಿಯಲ್ಲಿರುತ್ತಿದ್ದ, ಉಳಿದರ್ಧ ಭಾಗ ಅಲ್ಲಿಗೆ ಹೋಗುವ ದಾರಿಯಲ್ಲಿರುತ್ತಿದ್ದ.

ಆಗ ಯಂತ್ರ ದಿನಕ್ಕೊಂದು ಸಲವಾದರೂ ಮುನಿಸಿಕೊಳ್ಳುತ್ತಿತ್ತು. ತಂತಿಯನ್ನು ಟೀ ಅಂಗಡಿಯಿಂದ ಎಳೆದು ತರುವವರೆಗೆ ಊರಿಗೆ ಊರೇ ಸದ್ದಿಲ್ಲದ ರೇಡಿಯೊಗೆ ಕಿವಿಗೊಟ್ಟು ಕೂರಬೇಕು. ಪದೇ ಪದೇ ಓಡಿ ಬರುವ ಕಾಟ ತಪ್ಪಲಿ ಎಂದು ತಂತಿಯೇ ಒಂದು ಉಪಾಯ ಮಾಡಿದ: ಸದ್ದು ಸ್ವಲ್ಪ ಹೊತ್ತು ನಿಂತರೆ ಸಾಕು, ಇನ್ನೊಂದು ಟೇಪು ತಾನಾಗಿ ಓಡಬೇಕು, ಅವನು ಬಂದು ಕೈಯಾರೆ ನಿಲ್ಲಿಸುವವರೆಗೂ ಓಡುತ್ತಲೇ ಇರಬೇಕು. ಅದರಲ್ಲಿ ಮಾತಾಡಲು ಅಕ್ಕನನ್ನೇ ಕೂರಿಸಿದ. ಏನು ಹೇಳಲಿ ಎಂದರೆ, "ಏನಾದ್ರೂ ಹೇಳಿ ಅಕ್ಕಾ, ಜನ ರೇಡಿಯೊ ಆರಿಸಬಾರದು ಅಷ್ಟೇ," ಎಂದ. ಅವಳು ಹೇಳಿದಳು, ಆಮೇಲೆ ಮರೆತಳು. ಯಂತ್ರಗಳು ಬದಲಾದವು, ಹೊಸದು ಬಂದಾಗಲೆಲ್ಲ ತಂತಿ ಆ ಟೇಪಿನಲ್ಲಿದ್ದದ್ದನ್ನು ಅದಕ್ಕೆ ದಾಟಿಸಿದ, ಕೇಳಿ ನೋಡುವ ಗೋಜಿಗೆ ಹೋಗಲಿಲ್ಲ. ಮುಂದೆ ಯಂತ್ರ ಗಟ್ಟಿಮುಟ್ಟಾಗಿ, ಅದು ಒಳಗೆ ಇದೆ ಎಂಬುದನ್ನೇ ಎಲ್ಲರೂ ಮರೆತರು.

ಧಣಿಯದು ಒಂದೇ ಬಣ್ಣದಲ್ಲಿ ನೆಮ್ಮದಿಯಾಗಿರುವ ಜಾಯಮಾನವಲ್ಲ. ಮೊದಲು ಅವನ ಅಳಿಯ ಬಂದ. ಹಾಡು ಯಾರಿಗೆ ಬೇಕು, ಜನಕ್ಕೆ ಜಗಳ ಬೇಕು ಎಂದ. ಮನೆಮಂದಿಯ ರೇಡಿಯೊ ರಾತ್ರೋರಾತ್ರಿ 'ಹರಟೆ ರೇಡಿಯೊ' ಆಯಿತು. ಇಬ್ಬರು ವಕೀಲರು, ಒಬ್ಬ ಡಾಕ್ಟರು, ಫೋನಿನಲ್ಲಿ ಬೈಯುವವರು ಊರು ತುಂಬ. ಬೈಗುಳದ ನಡುವೆ ಅಕ್ಕ, "ಒಬ್ಬೊಬ್ಬರಾಗಿ ಮಾತಾಡಿ," ಎಂದು ಬೇಡಿಕೊಳ್ಳುತ್ತ ಕೂರಬೇಕು. ಹಾಡಿನ ತಟ್ಟೆಗಳು ಜಾಗ ತಿನ್ನುತ್ತವೆ ಎಂದು ಅಳಿಯ ಅಷ್ಟನ್ನೂ ಗುಜರಿಗೆ ಹಾಕಿಸಿದ.

ಜಗಳ ಹಳಸಿತು. ಅಳಿಯ ಹೋಗಿ ಒಬ್ಬ ಮ್ಯಾನೇಜರ್ ಬಂದ. 'ಧಮಾಕಾ' ಎಂದು ಬೋರ್ಡು ಬರೆಸಿದ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಅವೇ ಹಾಡುಗಳು ಸುತ್ತುತ್ತಿರಬೇಕು, ಎರಡು ಹಾಡಿನ ನಡುವೆ ಮಾತಾಡುವವರು ಕಾರಣವಿರಲಿ ಇಲ್ಲದಿರಲಿ ನಗಬೇಕು. ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದ ಅಕ್ಕನಿಗೆ 'ಚಿಲ್ಲಿ' ಎಂದು ಹೆಸರಿಟ್ಟ. ಅವಳು ಆ ಹೆಸರನ್ನು ಒಂದು ದಿನವೂ ಬಾಯಲ್ಲಿ ಹೇಳಲಿಲ್ಲ. ಹೇಳಬೇಕಾದ ಜಾಗದಲ್ಲೆಲ್ಲ ಕೆಮ್ಮಿದಳು. ಚಿಲ್ಲಿಗೆ ಕ್ಷಯ ಹಿಡಿದಿದೆಯಾ ಎಂದು ಕೇಳುಗರೊಬ್ಬರು ಕಾಗದ ಬರೆದರು.

ಅದೂ ಮುಗಿದು 'ಹಳೆಯ ನೆನಪು' ಬಂತು. ಊರಿನ ಮಂದಿಗೆ ಹಳೆಯ ಹಾಡೇ ಇಷ್ಟ ಎಂದು ಯಾವುದೋ ಸಮೀಕ್ಷೆಯವರು ಧಣಿಯಿಂದ ಕೈತುಂಬ ತೆಗೆದುಕೊಂಡು ಹೇಳಿ ಹೋದರು. ಹಳೆಯ ಹಾಡು ಎಲ್ಲಿತ್ತು? ಗುಜರಿಯಲ್ಲಿತ್ತು. ತಾನೇ ತೂಕಕ್ಕೆ ಹಾಕಿದ್ದನ್ನು ಧಣಿ ತಾನೇ ಹೋಗಿ ಒಂದೊಂದಾಗಿ ಆರಿಸಿ ಕೊಂಡು ತಂದ. ಗುಜರಿಯವನು ಆ ದುಡ್ಡಿನಲ್ಲಿ ಅಂಗಡಿಗೆ ಬಣ್ಣ ಹೊಡೆಸಿದನಂತೆ, ಅದೂ ಬೇರೆ ಕಂಪನಿಯದು. ಒಂದೊಂದು ಸಲವೂ ಬೋರ್ಡಿನ ಮೇಲೆ ಹೊಸ ಬಣ್ಣ ಬಿತ್ತು, ಧಣಿಯದೇ ಬಣ್ಣ. ಅದೆಷ್ಟು ಒಳ್ಳೆಯ ಮಾಲು ಎಂದರೆ, ಬಿಸಿಲು ಬಿದ್ದರೆ ಸಾಕು, ಅಡಿಯ ಹೆಸರುಗಳೆಲ್ಲ ಒಂದರ ಮೇಲೊಂದು ಎದ್ದು ಕಾಣುತ್ತಿದ್ದವು.

ಇದೆಲ್ಲವನ್ನೂ ಅಕ್ಕ ಸಹಿಸಿಕೊಂಡಳು. ಸಹಿಸಲಾಗದ್ದು ಒಂದೇ. ಬಣ್ಣ ಬದಲಾದಾಗಲೆಲ್ಲ ಕೆಲವರು ಹೋಗಬೇಕಿತ್ತು. ಹೋಗುವವರಿಗೆ ಮುಂಚೆ ತಿಳಿಸುವಂತಿಲ್ಲ ಎಂಬುದು ಆ ಮಹಡಿಯ ಕಟ್ಟಳೆ. ತಿಳಿಸಿದರೆ ಮೈಕಿನ ಮುಂದೆ ಏನಾದರೂ ಅಂದುಬಿಟ್ಟಾರು ಎಂಬ ಭಯ. ದಿನದ ಕೆಲಸ ಪೂರ್ತಿ ಮಾಡಿಸಿಕೊಂಡು, "ನಾಳೆ ಇದೇ ಹೊತ್ತಿಗೆ ಸಿಗೋಣ," ಎಂದು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಒಳಕೋಣೆಗೆ ಕರೆದು ಟೀ ಕೊಡುತ್ತಿದ್ದರು. ಆ ಕೋಣೆಯಲ್ಲಿ ಟೀ ಸಿಕ್ಕಿತೆಂದರೆ ಕೆಲಸ ಹೋಯಿತೆಂದೇ ಅರ್ಥ. ಮರುದಿನದಿಂದ ಅವರ ಹೆಸರನ್ನು ಯಾರೂ ಮೈಕಿನಲ್ಲಿ ಎತ್ತುವಂತಿಲ್ಲ. ಹರಟೆ ಬಂದಾಗ ತಾತ ಆನೆಯ ಕಥೆಯೊಂದನ್ನು ಅರ್ಧಕ್ಕೆ ಬಿಟ್ಟು ಹೋದರು, ಧಮಾಕಾ ಬಂದಾಗ ಕೋಳಿ ಹೋದ, ಹಳೆಯ ನೆನಪು ಬಂದಾಗ, ಹಳೆಯವಳೇ ಆಗಿದ್ದರೂ, ಮೋಡದ ಹುಡುಗಿ ಹೋದಳು.

ಕೋಳಿ ಹೋದ ವಾರ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. "ಪಾಪ, ಹೋಗ್ಬಿಟ್ಟ. ಕೂಗೋವಾಗ ದಮ್ಮು ಕಟ್ತಿತ್ತು, ನಾನು ಆಗ್ಲೇ ಅಂದ್ಕೊಂಡೆ," ಎಂದರು.

"ಇಲ್ಲ ಅತ್ತೆ, ಕೆಲಸದಿಂದ ತೆಗೆದ್ರು, ಅಷ್ಟೇ. ಗಟ್ಟಿಯಾಗಿದ್ದಾನೆ."

"ಬದುಕಿದ್ರೆ ಒಂದು ಮಾತು ಹೇಳಿ ಹೋಗ್ತಿರಲಿಲ್ವಾ? ನಿನ್ನ ಕೆಲಸ ಹೋಗ್ಬಾರ್ದು ಅಂತ ಮುಚ್ಚಿಡ್ತಿದ್ದೀಯ ಕಣೇ."

ಕೆಲವು ತಿಂಗಳ ಮೇಲೆ ಒಬ್ಬ ಮನುಷ್ಯ ಪ್ಯಾಂಟು ಹಿಡಿದುಕೊಂಡು ಅಂಗಡಿಗೆ ಬಂದ. "ಅಮ್ಮಾ, ಇದರ ಸೊಂಟ ಸ್ವಲ್ಪ ಹಿಡೀಬೇಕು," ಎಂದ. ಮುಖ ಕಂಡರಿಯದ ಅತ್ತೆಗೆ ದನಿ ಮಾತ್ರ ಗೊತ್ತಿತ್ತು. ಗುಂಡಿಯ ಡಬ್ಬಿ ನೆಲಕ್ಕೆ ಬಿತ್ತು, ಅತ್ತೆ ಕಿಟಾರನೆ ಕಿರುಚಿದರು. ಕೋಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಗುಂಡಿ ಆರಿಸಿಕೊಡುತ್ತ, "ನೀವೊಬ್ರೇ ಅಲ್ಲಮ್ಮ. ನಮ್ಮ ಬೀದಿ ತರಕಾರಿಯವನು, ಸತ್ತುಹೋದ ರೇಡಿಯೊ ಕೋಳಿ ಥರಾನೇ ನಿಮ್ಮ ದನಿ ಅಂತಾನೆ," ಎಂದ. ಅಷ್ಟು ಹೇಳುವಷ್ಟರಲ್ಲಿ ನಗು ಮುಗಿದಿತ್ತು. ಕತ್ತರಿಸಿಟ್ಟ ಬಟ್ಟೆಯ ತುಂಡೊಂದರಲ್ಲಿ ಕಣ್ಣೊರೆಸಿಕೊಂಡು, ಪ್ಯಾಂಟು ಅಲ್ಲೇ ಬಿಟ್ಟು ಹೋದ.

ಅತ್ತೆಯಿಂದ ಇದನ್ನು ಕೇಳಿ ಅಕ್ಕನ ಎದೆಗೆ ನಾಟಿತು. ಮರುದಿನವೇ ಧಣಿಯ ಎದುರು ನಿಂತಳು.

"ಸರ್, ನನ್ನ ಸರದೀನೂ ಬರುತ್ತೆ. ಬಂದಾಗ ಒಂದು ನಿಮಿಷ ಕೊಡಿ. ಹೋಗ್ತಿದ್ದೀನಿ ಅಂತ ಹೇಳಿ ಹೋಗ್ತೀನಿ. ಬೇರೇನೂ ಕೇಳಲ್ಲ."

"ಅಯ್ಯೋ, ಒಂದು ನಿಮಿಷ ಏನಮ್ಮಾ, ಹತ್ತು ನಿಮಿಷ ತಗೋ! ನೀನು ಈ ಕೇಂದ್ರದ ತಾಯಿಬೇರು," ಎಂದು ಧಣಿ ಎದೆ ಮೇಲೆ ಕೈಯಿಟ್ಟುಕೊಂಡ. ಅಂಗಿಯ ಜೇಬಿನಲ್ಲಿ ಪರ್ಸು ಇರುತ್ತಿದ್ದದ್ದು ಸರಿಯಾಗಿ ಅಲ್ಲೇ.

ವರ್ಷಗಳು ಕಳೆದು ಹಳೆಯ ನೆನಪೂ ಹಳತಾಯಿತು. ಆಗ ಬಂದವನು ಸಲಹೆಗಾರ. ಸ್ಟುಡಿಯೊದಲ್ಲಿ ಬರಿಗಾಲಲ್ಲಿ ಓಡಾಡುವವನು, ಮಾತಾಡುವಾಗ ಎರಡು ಶಬ್ದಗಳ ನಡುವೆ ಕಣ್ಣು ಮುಚ್ಚುವವನು. ಜನಕ್ಕೆ ಸದ್ದು ಸಾಕಾಗಿದೆ, ಇನ್ನು ಮಾರಬೇಕಾದದ್ದು ಮೌನ ಎಂದು ಅವನು ಧಣಿಯ ತಲೆಗೆ ತುಂಬಿದ. ಕೊಳಲು, ನೀರು ಹರಿಯುವ ಸದ್ದು, ಅವನದೇ ಮೆಲುದನಿ, ಮತ್ತು ಆಗಾಗ ಏನೂ ಇಲ್ಲ. ಆ 'ಏನೂ ಇಲ್ಲ' ಎಂಬುದಕ್ಕೆ ಪ್ರಾಯೋಜಕರೂ ಸಿಕ್ಕಿದ್ದರು: ಧಣಿಯದೇ ಬಿಳಿ ಬಣ್ಣ.

"ಮೇಡಂ, ನೀವು ತುಂಬಾ... ಮಾತಾಡ್ತೀರಿ," ಎಂದ ಸಲಹೆಗಾರ ಅಕ್ಕನಿಗೆ.

"ಇದು ರೇಡಿಯೊ ಕಣಪ್ಪಾ. ಮಾತಾಡದೆ ಕೈ ಬೀಸ್ಲಾ?"

ಆ ಶುಕ್ರವಾರ ಅವಳು ಕೊನೆಯ ಹಾಡು ಹಾಕಿ, "ನಾಳೆ ಸಿಗೋಣ," ಎಂದು ಮೈಕು ಆರಿಸಿ ಎದ್ದಾಗ ಬಾಗಿಲಲ್ಲೇ ಕರೆ ಬಂತು. ಒಳಕೋಣೆಯ ಮೇಜಿನ ಮೇಲೆ ಟೀ ಕಾಯುತ್ತಿತ್ತು. ಅವಳು ಕಪ್ಪನ್ನು ಮುಟ್ಟಲಿಲ್ಲ.

"ನನ್ನ ಒಂದು ನಿಮಿಷ?" ಎಂದಳು.

ಧಣಿ ಕಿಟಕಿಯಾಚೆ ನೋಡಿದ. "ಮಾತು ಕೊಟ್ಟಿದ್ದೆ, ಇಲ್ಲ ಅನ್ನಲ್ಲಮ್ಮ. ಆದ್ರೆ ಈಗ ಫಾರ್ಮ್ಯಾಟೇ ಬೇರೆ. ಬೀಳ್ಕೊಡುಗೆ ಅಂದ್ರೆ ಜನದ ನೆಮ್ಮದಿ ಕೆಡುತ್ತಂತೆ."

ಅವಳು ಫ್ಲಾಸ್ಕ್ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಬದುಕಿಡೀ ಊರಿಗೆಲ್ಲ ಮಾತಾಡಿದವಳು ಬಸ್ಸಿನಲ್ಲಿ ಟಿಕೆಟ್ ಕೇಳುವುದಕ್ಕೂ ಬೆರಳಲ್ಲಿ ಸನ್ನೆ ಮಾಡಿದಳು.

ಅತ್ತೆ ಸುದ್ದಿ ಕೇಳಿ ಕೊಂಕು ಮಾತಾಡಲಿಲ್ಲ. ಅದೇ ದೊಡ್ಡ ವಿಷಯ. ಸೋಮವಾರ ಬೆಳಿಗ್ಗೆ ಅಂಗಡಿಯ ಮೂಲೆಯಲ್ಲಿ ಇನ್ನೊಂದು ಸ್ಟೂಲು ಹಾಕಿ ಅದರ ಮೇಲೆ ಶರ್ಟುಗಳ ರಾಶಿ ಇಟ್ಟರು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಗುಂಡಿ ಹಚ್ಚು," ಎಂದರು. ಅಕ್ಕ ರಾಶಿಯನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಗಂಡ ಒಬ್ಬ ಗಿರಾಕಿಯ ತೋಳಿನ ಅಳತೆ ತೆಗೆಯುತ್ತಿದ್ದ. ಅಭ್ಯಾಸ ಬಲದಿಂದ ರೇಡಿಯೊ ಹಾಕಿದ್ದ, ಹೆಂಡತಿಯನ್ನು ನೋಡಿ ಆರಿಸಲು ಹೋದ.

"ಇರಲಿ ಬಿಡಿ. ಮೌನ ಹೇಗೆ ಮಾರ್ತಾರೋ ಕೇಳೋಣ," ಎಂದಳು ಅವಳು.

ಅಂದು 'ನೆಮ್ಮದಿ' ರೇಡಿಯೊದ ಉದ್ಘಾಟನೆ. ಧಣಿ ಮಾತಾಡಿದ, ಯಾರೋ ಗಣ್ಯರು ಮಾತಾಡಿದರು, ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಸಲಹೆಗಾರನ ಮೆಲುದನಿ ಬಂತು. "ಈಗ ನಾವೆಲ್ಲ ಸೇರಿ... ಮೌನವನ್ನು... ಕೇಳೋಣ."

ಮೌನ ಶುರುವಾಯಿತು. ಸದ್ದು ಮಾರಿಯೇ ಹೊಟ್ಟೆ ಹೊರೆದ ಅಷ್ಟು ಮಂದಿಯಲ್ಲಿ ಒಬ್ಬರಿಗೂ, ತಮ್ಮ ಯಂತ್ರಕ್ಕೆ ಮೌನವೆಂದರೆ ಕೆಟ್ಟು ನಿಂತಂತೆ ಎಂಬುದು ನೆನಪಾಗಲಿಲ್ಲ. ತಂತಿಗೂ ಆಗಲಿಲ್ಲ. ಅವನು ಟೀ ಅಂಗಡಿಯಲ್ಲಿದ್ದ. ಯಂತ್ರ ಮಾತ್ರ ಮರೆತಿರಲಿಲ್ಲ. ಟಕ್ ಎಂದಿತು, ಎಳೆಯ ಹೆಣ್ಣು ದನಿಯೊಂದು ನಗುನಗುತ್ತ ಹೊರಟಿತು:

"ನಮಸ್ಕಾರ. ನಮ್ಮಲ್ಲಿ ಏನೋ ಕೆಟ್ಟುಹೋಗಿದೆ. ಏನು ಅಂತ ಒಳಗಿರೋ ದೊಡ್ಡೋರಿಗೆ ಯಾರಿಗೂ ಗೊತ್ತಿಲ್ಲ. ಆದ್ರೂ ಗೊತ್ತಿರೋ ಹಾಗೆ ಮುಖ ಮಾಡ್ಕೊಂಡು ಓಡಾಡ್ತಿದ್ದಾರೆ. ನೀವು ಗಾಬರಿಯಾಗ್ಬೇಡಿ. ನಾನು ಇಲ್ಲೇ ಇದ್ದೀನಿ, ಎಲ್ಲೂ ಹೋಗಿಲ್ಲ. ಸರಿಯಾಗೋ ತನಕ ಒಂದು ಹಾಡು ಕೇಳೋಣ."

ತೋಳು ಚಾಚಿ ನಿಂತಿದ್ದ ಗಿರಾಕಿ ಹಾಗೇ ಬಿದ್ದು ಬಿದ್ದು ನಕ್ಕ. ಪಕ್ಕದ ಚಪ್ಪಲಿ ಅಂಗಡಿಯಿಂದ, ಎದುರಿನ ಕ್ಷೌರದಂಗಡಿಯಿಂದ ನಗು ಕೇಳಿಸಿತು. ಹಾಡು ಮುಗಿಯಿತು, ಟೇಪು ಮೊದಲಿಗೆ ಬಂತು. ನಮಸ್ಕಾರ. ನಮ್ಮಲ್ಲಿ ಏನೋ ಕೆಟ್ಟುಹೋಗಿದೆ. ಅತ್ತೆ ಒಮ್ಮೆ ರೇಡಿಯೊ ಕಡೆ, ಒಮ್ಮೆ ಸೊಸೆಯ ಕಡೆ ನೋಡಿದರು. "ನೀನು ಇಲ್ಲಿದ್ದೀಯಲ್ಲೇ!" ಎಂದರು.

ಅಕ್ಕನೂ ಮೊದಲ ಸಲ ನಕ್ಕಳು. ಎರಡನೆಯ ಸಲ ನಗು ಬರಲಿಲ್ಲ, ಮೈ ಉರಿಯಿತು. ಹೋಗುತ್ತೇನೆ ಎಂದು ಹೇಳಲು ಒಂದು ನಿಮಿಷ ಕೇಳಿದರೆ ಕೊಡದವರು, ಎಲ್ಲೂ ಹೋಗಿಲ್ಲ ಎಂದು ಅವಳ ಬಾಯಿಂದಲೇ ಊರಿಗೆಲ್ಲ ಸುಳ್ಳು ಹೇಳಿಸುತ್ತಿದ್ದರು. ಬೆರಳಿಗೆ ಸೂಜಿ ಚುಚ್ಚಿದ್ದು ಅವಳಿಗೆ ಗೊತ್ತಾಗಲಿಲ್ಲ.

ತಂತಿ ಟೀ ಮುಗಿಸಿ ಬಂದು ಟೇಪು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಗಂಡನ ಫೋನಿಗೆ ಧಣಿಯ ಕರೆ ಬಂತು.

"ಏನಮ್ಮಾ, ಇಲ್ಲಿ ಫೋನು ನಿಲ್ತಾನೇ ಇಲ್ಲ! ಅಕ್ಕ ಬಂದ್ರಾ, ಅಕ್ಕ ಬಂದ್ರಾ ಅಂತ ಒಂದೇ ಸಮ. ಈಗ್ಲೇ ಹೊರಟು ಬಾ. 'ಅಕ್ಕ ರೇಡಿಯೊ' ಅಂತ ಬೋರ್ಡು ಬರೆಸೋಕೆ ಹೇಳಿದ್ದೀನಿ. ಬೆಳಿಗ್ಗೆ ನಿಂದು, ಸಂಜೆ ನಿಂದು."

ಮೌನ ಹುಟ್ಟಿದ ದಿನವೇ ಸತ್ತಿತ್ತು. ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಬರ್ತೀನಿ ಸರ್. ಮೊದ್ಲು ನನ್ನ ಒಂದು ನಿಮಿಷ," ಎಂದಳು.

"ಆಯ್ತಮ್ಮ, ಆಯ್ತು! ಹೇಗೆ ಬೇಕಾದ್ರೂ ಶುರು ಮಾಡು!"

ಸ್ಟುಡಿಯೊದಲ್ಲಿ ಟರ್ಪೆಂಟೈನ್ ವಾಸನೆಯ ಜೊತೆ ಉದ್ಘಾಟನೆಯ ಹೂವಿನ ವಾಸನೆಯೂ ಸೇರಿ ಉಸಿರು ಕಟ್ಟುವಂತಿತ್ತು. ಸಲಹೆಗಾರ ಮೂಲೆಯಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಗಾಜಿನಾಚೆ ಧಣಿ ಹಲ್ಲು ಕಿರಿಯುತ್ತ ನಿಂತಿದ್ದ, ಅವನ ಪಕ್ಕದಲ್ಲಿ ಯಂತ್ರದ ಮುಂದೆ ತಂತಿ ಕೂತಿದ್ದ. ಕೆಂಪು ದೀಪ ಹತ್ತಿತು. ಅಕ್ಕ ಬಿಸಿನೀರು ಕುಡಿದು ಮೈಕು ಹತ್ತಿರಕ್ಕೆಳೆದಳು.

"ನಮಸ್ಕಾರ. ಬೆಳಿಗ್ಗೆ ನೀವು ಕೇಳಿದ್ದು ನನ್ನ ಹಳೇ ಟೇಪು. ಎಲ್ಲೂ ಹೋಗಿಲ್ಲ ಅಂದಿದ್ದೆ, ಅದು ಸುಳ್ಳು. ಶುಕ್ರವಾರ ನನ್ನನ್ನ ಕೆಲಸದಿಂದ ತೆಗೆದ್ರು. ನಿಮಗೆ ಹೇಳೋಕೆ ಬಿಡಲಿಲ್ಲ. ಇಲ್ಲಿಂದ ಯಾರು ಹೋದ್ರೂ ಹೇಳೋಕೆ ಬಿಡಲ್ಲ. ಅದಕ್ಕೆ ಅವರದ್ದನ್ನೂ ನಾನೇ ಹೇಳ್ತೀನಿ. ಬೆಳಿಗ್ಗೆ ಕೂಗ್ತಿದ್ದ ಕೋಳಿ ಸತ್ತಿಲ್ಲ. ಔಷಧಿ ಅಂಗಡೀಲಿ ಕೆಲಸ ಮಾಡ್ತಿದ್ದಾನೆ, ಎದುರಿಗೆ ಸಿಕ್ಕಿದ್ರೆ ದೆವ್ವ ಅಂತ ಓಡ್ಬೇಡಿ, ಅವನಿಗೆ ಬೇಜಾರಾಗುತ್ತೆ. ಮೋಡದ ಹುಡುಗಿ ಶಾಲೇಲಿ ಪಾಠ ಮಾಡ್ತಾಳೆ. ನಿಮ್ಮ ಮಕ್ಕಳಿಗೆ ಮಲಗೋವಾಗ ಕಥೆ ಹೇಳ್ತಿದ್ದ ತಾತ..."

ಧಣಿ ಗಾಜು ಬಡಿಯತೊಡಗಿದ್ದ. ನಿಲ್ಲಿಸು ಎಂದು ತಂತಿಯ ಭುಜ ಅಲ್ಲಾಡಿಸಿದ. ತಂತಿ ಕಿವಿಗೆ ಹಾಕಿದ್ದನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡು ಯಂತ್ರದ ಮೇಲೆ ಬಗ್ಗಿದ. ಅವನಿಗೂ ಒಂದಲ್ಲ ಒಂದು ದಿನ ಆ ಕೋಣೆಯಲ್ಲಿ ಟೀ ಸಿಗುವುದಿತ್ತು.

"ತಾತ ಕಳೆದ ವರ್ಷ ತೀರ್ಕೊಂಡ್ರು. ಕೊನೇವರೆಗೂ ಕೇಳ್ತಿದ್ರು, ಮಕ್ಕಳಿಗೆ ಆ ಆನೆ ಕಥೆ ಅರ್ಧಕ್ಕೆ ನಿಂತೋಯ್ತಲ್ಲ, ಯಾರಾದ್ರೂ ಮುಗಿಸಿದ್ರಾ ಅಂತ. ಯಾರೂ ಮುಗಿಸಲಿಲ್ಲ. ನಿಮಗೆ ಇದನ್ನ ಆಗಲೇ ಹೇಳ್ಬೇಕಿತ್ತು. ನಾನು ಬಸ್ ನಿಲ್ದಾಣದ ಹಿಂದಿನ ಟೈಲರ್ ಅಂಗಡೀಲಿ ಗುಂಡಿ ಹಚ್ಚಿಕೊಂಡಿರ್ತೀನಿ. ಆರೋಗ್ಯವಾಗಿದ್ದೀನಿ. ಇಷ್ಟು ವರ್ಷ ಕೇಳಿದ್ರಿ, ದೊಡ್ಡ ಉಪಕಾರ. ಬರ್ತೀನಿ."

ದೀಪ ಆರಿತು. ಧಣಿ ಒಳಗೆ ನುಗ್ಗಿ, "ಏನಮ್ಮಾ ಇದು, ಬೋರ್ಡು ಬರೆಯೋಕೆ ಕೊಟ್ಟಾಗಿದೆ!" ಎಂದ.

"ಬರೀಲಿ ಬಿಡಿ ಸರ್. ಹೇಗೂ ಅದನ್ನ ಅಳಿಸೋಕೂ ನಿಮ್ಮದೇ ಬಣ್ಣ ಇದೆ ತಾನೆ," ಎಂದು ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹೊರಟಳು.

ಅಂಗಡಿಗೆ ಬಂದಾಗ ರೇಡಿಯೊದಲ್ಲಿ ಮತ್ತೆ ಕೊಳಲು ಬರುತ್ತಿತ್ತು. ಗಂಡ ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದ. ಅತ್ತೆಯ ಮಡಿಲಲ್ಲಿ ಶರ್ಟು ಹಾಗೇ ಇತ್ತು, ಒಂದೂ ಗುಂಡಿ ಹಚ್ಚಿರಲಿಲ್ಲ.

"ತಾತ ತೀರ್ಕೊಂಡಿದ್ದು ನನಗ್ಯಾಕೆ ಹೇಳ್ಲಿಲ್ಲ?" ಎಂದರು.

"ನೀವು ರೇಡಿಯೊನೇ ಕೇಳಲ್ಲ ಅಂತಿದ್ರಲ್ಲ ಅತ್ತೆ."

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಆರಿಸೋ ಅದನ್ನ," ಎಂದರು. ಹಗಲಲ್ಲಿ ಎಂದೂ ಆರದ ರೇಡಿಯೊ ಆರಿತು. ಹೊರಗೆ ಬಸ್ಸುಗಳ ಸದ್ದು ಕೇಳಿಸಿತು. ಅತ್ತೆ ಪಕ್ಕದ ಸ್ಟೂಲನ್ನು ಕಾಲಿನಿಂದಲೇ ಹತ್ತಿರಕ್ಕೆ ಎಳೆದುಕೊಂಡರು.

"ಬಾ, ಕೂತ್ಕೋ. ಆ ಆನೆ ಕಥೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹೇಳು. ಸಂಬಳ ಗಿಂಬಳ ಕೇಳ್ಬೇಡ."

ಅಕ್ಕ ಸೂಜಿಗೆ ದಾರ ಪೋಣಿಸಿಕೊಂಡು ಹೇಳತೊಡಗಿದಳು.